ನೀರು ಒಂದೇ, ಲೆಕ್ಕ ಮೂರು

ಕಳೆದ ಏಪ್ರಿಲಿನಲ್ಲಿ ಸೋದರಳಿಯನ ಮನೆಗೆಂದು ಸೋಲಾಪುರದತ್ತ ಹೋಗಿದ್ದೆ. ಅವನು ಅಲ್ಲಿ ಬ್ಯಾಂಕ್ ನೌಕರ. ಪೇಟೆಯ ಬಾಡಿಗೆ ದುಬಾರಿಯೆಂದು ಅಕ್ಕಲಕೋಟೆಗೆ ಹೋಗುವ ರಸ್ತೆಯ ಕುಂಭಾರಿಯಲ್ಲಿ ಬಿಡಾರ ಮಾಡಿಕೊಂಡಿದ್ದಾನೆ. ಕುಂಭಾರಿ ಎಂದಾಗ ನಮ್ಮವರಿಗೆ ಕುಂಬಳೆಯ ನೆನಪಾದರೆ ಆಶ್ಚರ್ಯವಿಲ್ಲ. ಹೆಸರಿನ ಸಾಮ್ಯ ಹಾಗಿರಲಿ, ಹಣೆಬರಹದಲ್ಲೂ ಸಾಮ್ಯವಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದಂತೆ ದಕ್ಷಿಣ ಸೋಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಮುಂಬಯಿ ರಾಜ್ಯದಲ್ಲೇ ಉಳಿದರು. 1967ರ ಮಹಾಜನ ವರದಿಯಲ್ಲಿ ನಮ್ಮ ಹೆಸರೂ ಇತ್ತು, ಅವರ ಹೆಸರೂ ಇತ್ತು. ಆಮೇಲೇನಾಯಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಕುಂಭಾರಿ ಈಗ ಹಳ್ಳಿಯೂ ಅಲ್ಲ, ಪೇಟೆಯೂ ಅಲ್ಲ. ಬೀಡಿ ಕಟ್ಟುವ ಹೆಂಗಸರಿಗಾಗಿ ಕಟ್ಟಿದ ಗೋದುತಾಯಿ ಪರುಳೇಕರ ವಸಾಹತಿನ ಹತ್ತು ಸಾವಿರ ಮನೆಗಳು 2006ರಲ್ಲಿ ಅವರ ಕೈ ಸೇರಿದುವು. 2024ರ ಜನವರಿಯಲ್ಲಿ ರೇ ನಗರದ 15,000 ಮನೆಗಳು ಅದೇ ಊರಿನಲ್ಲಿ ತೆರೆದುವು. ಇಷ್ಟು ಜನ ಕೂಡಿದಲ್ಲಿ ಮೊದಲ ಮಾತು ನೀರಿನದೇ. ಮಳೆ ಕಡಿಮೆಯ ಸೀಮೆ, ಕೆಳಗೆ ಕರಿಕಲ್ಲಿನ ನೆಲ. ಕೊಳವೆಬಾವಿಯ ನೀರನ್ನು ಅವರು ‘ಸವಳು’ ಎನ್ನುತ್ತಾರೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ.

ನನ್ನ ಅಳಿಯನ ಮನೆಯೊಡೆಯರು ಎಪ್ಪತ್ತು ದಾಟಿದ ರೈತರು, ಮನೆಮಾತು ಕನ್ನಡ. ಹೊಲಕ್ಕೆ ನೀರು ಬಿಡಲು ಅವರು ಕಟ್ಟಿಸಿದ ಸಿಮೆಂಟಿನ ದೊಡ್ಡ ತೊಟ್ಟಿಯೊಂದಿದೆ. ‘ಹೌದ’ ಎಂದು ಅದಕ್ಕೆ ಹೆಸರು. ‘ಹೌದದಾಗ ಹುಡುಗ್ರು ಈಸತಾವ್ರಿ’ ಎಂದು ಅವರು ಹೇಳಿದಾಗ ನಾನು ಮೊದಲು ಏನೋ ಒಪ್ಪಿಗೆ ಸೂಚಿಸುತ್ತಿದ್ದಾರೆಂದು ತಿಳಿದೆ. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳದ ಆ ತೊಟ್ಟಿ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳ ಈಜುಕೊಳ. ಬಿಸಿಲು ನಾಲ್ವತ್ತು ಡಿಗ್ರಿ ದಾಟುವ ಊರಿನಲ್ಲಿ ಮಕ್ಕಳನ್ನು ನೀರಿನಿಂದ ದೂರವಿಡುವುದು ಯಾರಿಂದಲೂ ಆಗದು.

ನಾನು ಹೋದ ದಿನ ಬೆಳಿಗ್ಗೆ ಯಜಮಾನರು ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಒಂದು ಪುಟ್ಟ ಗಾಜಿನ ನಳಿಕೆಯನ್ನು ಹಿಡಿದು ನೋಡುತ್ತಿದ್ದರು. ನಾನು ಹಿಂದೆ ವಿಜ್ಞಾನದ ಮಾಸ್ತರನಾಗಿದ್ದೆನೆಂದು ಅಳಿಯ ಹೇಳಿದ್ದೇ ತಡ, ಅವರ ತಕರಾರು ಹೊರಬಿತ್ತು.

“ಮಾಸ್ತರ್ರ, ನಿನ್ನೆ ಸಂಜೀಕ ಸೊನ್ನಿ. ಮಗ ಸೋಲಾಪುರದಿಂದ ಹೊಸಾ ಔಷಧ ತಂದ, ಇವತ್ತ ಮುಂಜಾನೆ ಅದರಾಗೂ ಸೊನ್ನಿ. ಹಾಕಿದ ಪೌಡರ್ ಎಲ್ಲಿ ಹೋಗತೈತ್ರಿ?”

ಎಷ್ಟು ಹಾಕಿದಿರಿ ಎಂದು ಕೇಳಿದೆ. ನಿನ್ನೆ ಸಂಜೆ ಒಂದು ಕಿಲೋ, ಇಂದು ಬೆಳಿಗ್ಗೆ ಮತ್ತೆ ಅರ್ಧ ಕಿಲೋ. ಮುಂದಿನ ಅರ್ಧ ಕಿಲೋ ಪಕ್ಕದ ಬಕೆಟಿನಲ್ಲಿ ಕಲಸಿ ಸಿದ್ಧವಾಗಿತ್ತು. ಹತ್ತು ಗಂಟೆಗೆ ಮಕ್ಕಳು ಇಳಿಯುವವರಿದ್ದರು.

ಲೆಕ್ಕ ಸುಲಭವಾದುದು. ಆ ತೊಟ್ಟಿಯಲ್ಲಿ 30,000 ಲೀಟರ್ ನೀರು. ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ ಮೂವತ್ತು ಪಾಲು ಕ್ಲೋರಿನ್ ಇದೆಯೆಂದಿಟ್ಟುಕೊಂಡರೆ, ನೂರು ಗ್ರಾಮ್ ಪೌಡರಿಗೆ ಲೀಟರಿಗೆ ಒಂದು ಮಿಲಿಗ್ರಾಮ್ ಕ್ಲೋರಿನ್ ಏರಬೇಕು. ಈಜುವ ನೀರಿಗೆ ಬೇಕಾದುದು ಒಂದರಿಂದ ಮೂರು ಮಿಲಿಗ್ರಾಮ್. ಇವರು ಹಾಕಿದ್ದು ಹದಿನೈದರಷ್ಟು! ನೀರು ಎಷ್ಟೇ ಕೊಳಕಾಗಿದ್ದರೂ ಅದು ಪೂರಾ ಮಾಯವಾಗಲಾರದು. ಆದರೆ ನಳಿಕೆಯಲ್ಲಿ ಬಣ್ಣವಿಲ್ಲ.

ಇನ್ನೊಮ್ಮೆ ಮಾಡಿ ತೋರಿಸಿ ಎಂದೆ. ಅವರು ನೀರು ತುಂಬಿ ಔಷಧದ ಹನಿಗಳನ್ನು ಬಿಟ್ಟರು. ಹನಿ ಬಿದ್ದಲ್ಲಿ ಒಂದು ಕ್ಷಣ ಕಡು ಗುಲಾಬಿ ಬಣ್ಣ ಮಿಂಚಿತು. ನಳಿಕೆಯನ್ನು ಅಲ್ಲಾಡಿಸುವಷ್ಟರಲ್ಲಿ ಅದು ಹಾರಿಹೋಗಿ ನೀರು ತಿಳಿಯಾಯಿತು. ಯಜಮಾನರು ನೋಡುತ್ತಿದ್ದುದು ಕೊನೆಯ ತಿಳಿನೀರನ್ನು ಮಾತ್ರ. ನಡುವಿನ ಮಿಂಚನ್ನು ಅವರು ಗಮನಿಸಿರಲಿಲ್ಲ.

ಈ ಔಷಧಕ್ಕೆ ಡಿ.ಪಿ.ಡಿ. ಎಂದು ಹೆಸರು. ಇಂಗ್ಲೆಂಡಿನ ಪಾಲಿನ್ ಎಂಬವರು 1957ರಲ್ಲಿ ಬಳಕೆಗೆ ತಂದ ವಿಧಾನವಿದು. ನೀರಿನಲ್ಲಿ ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರುತ್ತದೆ, ಹೆಚ್ಚಿದ್ದರೆ ಗಾಢವಾಗುತ್ತದೆ. ಆದರೆ ಕ್ಲೋರಿನ್ ಎಂಬುದು ಬಟ್ಟೆಯ ಬಣ್ಣವನ್ನೇ ತಿನ್ನುವ ವಸ್ತುವಲ್ಲವೆ? ಮಿತಿಮೀರಿ ಇದ್ದಾಗ ಅದು ತಾನೇ ಹುಟ್ಟಿಸಿದ ಬಣ್ಣವನ್ನೂ ತಿಂದುಹಾಕುತ್ತದೆ. ಆಗ ಏನೂ ಇಲ್ಲದ ನೀರೂ, ವಿಪರೀತ ಇರುವ ನೀರೂ ನಳಿಕೆಯಲ್ಲಿ ಒಂದೇ ತೆರನಾಗಿ ಕಾಣುತ್ತವೆ.

ಹಾಗಾದರೆ ನಿನ್ನೆ ಸಂಜೆಯ ಸೊನ್ನೆ? ಹಳೆಯ ಬಾಟಲಿಯನ್ನು ತರಿಸಿ ನೋಡಿದೆ. ಎರಡು ವರ್ಷ ಕಿಟಕಿಯ ಬಿಸಿಲಿನಲ್ಲಿ ಕುಳಿತು ಔಷಧ ಕಂದುಬಣ್ಣಕ್ಕೆ ತಿರುಗಿತ್ತು. ಸತ್ತ ಔಷಧ ಯಾವ ನೀರಿಗೂ ಬಣ್ಣ ಕೊಡದು. ಅಂದರೆ ಮೊದಲ ಸೊನ್ನೆ ಔಷಧದ್ದು, ಎರಡನೆಯ ಸೊನ್ನೆ ಅತಿಯಾದ ಕ್ಲೋರಿನ್ನಿನದು. ನಿಜವಾದ ಸೊನ್ನೆ ಎರಡರಲ್ಲಿ ಯಾವುದೂ ಅಲ್ಲ. ನಿನ್ನೆ ಕತ್ತಲಾಗುವ ಹೊತ್ತಿಗೆ ಈಜಿ ಎದ್ದ ಮೊಮ್ಮಗ “ಕಣ್ಣ ಉರೀತಾವ ಅಜ್ಜಾ” ಎಂದಿದ್ದನಂತೆ. ನಳಿಕೆ ಸೊನ್ನೆ ತೋರಿಸುತ್ತಿರುವಾಗ ಹುಡುಗನ ಮಾತನ್ನು ಯಾರು ಕೇಳುತ್ತಾರೆ?

ಅಳಿಯನ ಮನೆಯಲ್ಲಿ ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರಿನ ಕ್ಯಾನಿತ್ತು. ಮೊದಲು ಅದನ್ನೇ ಒಂದು ನಳಿಕೆಯಲ್ಲಿ ಪರೀಕ್ಷಿಸಿದೆ, ಬಣ್ಣ ಬರಲಿಲ್ಲ. ಬರಬಾರದು ಕೂಡ. ಬಳಿಕ ಒಂದು ಪಾಲು ತೊಟ್ಟಿಯ ನೀರಿಗೆ ಒಂಬತ್ತು ಪಾಲು ಬ್ಯಾಟರಿ ನೀರನ್ನು ಬೆರೆಸಿ ಔಷಧ ಬಿಟ್ಟೆ. ಈ ಸಲ ಗುಲಾಬಿ ಬಣ್ಣ ಬಂದು ನಿಂತಿತು. ಒಂದಕ್ಕೂ ಒಂದೂವರೆಗೂ ನಡುವಿನ ಬಣ್ಣ. ಹತ್ತರಿಂದ ಗುಣಿಸಿದರೆ ಹತ್ತರಿಂದ ಹದಿನೈದು ಮಿಲಿಗ್ರಾಮ್. ಹೀಗೆ ಗುಣಿಸುವಾಗ ನಮ್ಮ ಕೈತಪ್ಪೂ ಹತ್ತುಪಟ್ಟಾಗುವುದರಿಂದ ಸರಿಯಾದ ಅಂಕೆ ಇಂತಿಷ್ಟೇ ಎನ್ನಲಾರೆ. ಆದರೆ ಮಕ್ಕಳನ್ನು ಇಳಿಸಬಾರದೆಂದು ಹೇಳಲು ಅಷ್ಟು ಸಾಕಾಗಿತ್ತು. ಬಕೆಟಿನಲ್ಲಿ ಕಲಸಿದ್ದ ಪೌಡರನ್ನು ತೊಟ್ಟಿಗೆ ಸುರಿಯಲಿಲ್ಲ. ಬಿಸಿಲು ಕ್ಲೋರಿನ್ನನ್ನು ಬೇಗ ಕರಗಿಸುತ್ತದೆ. ಮೇಲಿನ ಟಾರ್ಪಾಲನ್ನು ಬಿಚ್ಚಿಸಿ ಎರಡು ದಿನ ನೀರನ್ನು ಸುಮ್ಮನೆ ಬಿಟ್ಟೆವು.

ಆ ಎರಡು ದಿನಗಳಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಯಜಮಾನರು, ಅವರ ಮಗ, ಹತ್ತನೇ ತರಗತಿಯ ಮೊಮ್ಮಗ – ಮೂವರಿಗೂ ಒಂದೇ ಹೊತ್ತಿಗೆ ಒಂದೇ ತೊಟ್ಟಿಯ ನೀರನ್ನು ಪರೀಕ್ಷಿಸಲು ಹೇಳಿದೆ. ಯಾರೂ ಇನ್ನೊಬ್ಬರ ಅಂಕೆಯನ್ನು ನೋಡಬಾರದು, ಕಾಗದದಲ್ಲಿ ಬರೆದು ಮಡಚಿಡಬೇಕು. ಎರಡನೆಯ ದಿನ ಸಂಜೆ ಬಿಚ್ಚಿ ನೋಡಿದರೆ ಒಂದು ಚೀಟಿಯಲ್ಲಿ ಒಂದು, ಒಂದರಲ್ಲಿ ಎರಡು, ಒಂದರಲ್ಲಿ ಮೂರು! ಯಜಮಾನರು ನಗಾಡಿದರು. “ನೀರ ಒಂದ, ಲೆಕ್ಕ ಮೂರು. ಇದೇನ ಪರೀಕ್ಷಾರೀ ಮಾಸ್ತರ್ರ?”

ಮೂವರೂ ಮಾಡಿದ್ದನ್ನು ನಾನು ಬದಿಯಲ್ಲಿ ನಿಂತು ನೋಡಿದ್ದೆ. ಮಗನು ಪೈಪಿನಿಂದ ಹೊಸ ನೀರು ಬೀಳುವಲ್ಲಿಂದ, ಅದೂ ಮೇಲ್ಮೈಯಿಂದ, ನಳಿಕೆಯನ್ನು ತುಂಬಿದ್ದ. ಅವನದು ಒಂದು. ಬಿಸಿಲು ತಾಗುವ ಮೇಲ್ಪದರದ ನೀರಿಗೂ ಒಳಗಿನ ನೀರಿಗೂ ವ್ಯತ್ಯಾಸವಿರುತ್ತದೆ. ನೀರನ್ನು ಚೆನ್ನಾಗಿ ಕಲಕಿ, ಪೈಪಿನಿಂದ ದೂರದಲ್ಲಿ, ಬಾಟಲಿಯನ್ನು ಬೋರಲಾಗಿ ಮೊಣಕೈ ಮುಳುಗುವವರೆಗೆ ಇಳಿಸಿ, ಅಲ್ಲಿ ತಿರುಗಿಸಿ ತುಂಬಬೇಕು. ನಾಳೆಯೂ ಅದೇ ಜಾಗದಿಂದ, ಅದೇ ಆಳದಿಂದ ತೆಗೆಯಬೇಕು. ತೆಗೆದ ನೀರನ್ನು ಚಹಾ ಕುಡಿದು ಬಂದು ಪರೀಕ್ಷಿಸುವುದಲ್ಲ, ಆಗಿಂದಾಗಲೇ ಪರೀಕ್ಷಿಸಬೇಕು.

ಮೊಮ್ಮಗ ಜಾಣ. ನೀರನ್ನು ಸರಿಯಾಗಿಯೇ ತೆಗೆದಿದ್ದ. ಆದರೆ ನಳಿಕೆಯ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಅಲ್ಲಾಡಿಸಿದ. ಬೆರಳಿನ ಬೆವರು, ಸಾಬೂನು, ಎಣ್ಣೆ ಎಲ್ಲ ಆ ಹತ್ತು ಮಿಲಿಲೀಟರ್ ನೀರಿಗೆ ಸೇರುತ್ತವೆ. ಮುಚ್ಚಳವಿರುವುದು ಅದಕ್ಕಾಗಿಯೇ. ಮಾತ್ರೆಯ ರೂಪದ ಔಷಧವಾದರೆ ಅದನ್ನೂ ಬೆರಳಿನಿಂದ ಮುಟ್ಟಬಾರದು. ಬಣ್ಣವನ್ನು ನೋಡುವ ಮೊದಲು ಅವನು ಐದಾರು ನಿಮಿಷ ಬಾಗಿಲಲ್ಲಿ ಗೆಳೆಯನೊಡನೆ ಮಾತಿಗೂ ನಿಂತ. ಬೆವರು ಮೂತ್ರಾದಿಗಳೊಡನೆ ಕೂಡಿಕೊಂಡ ಕ್ಲೋರಿನ್ ನೀರಿನಲ್ಲಿರುತ್ತದಲ್ಲ, ಅದು ನಿಧಾನವಾಗಿ ಬಣ್ಣ ಕೊಡುತ್ತಾ ಹೋಗುತ್ತದೆ. ಹೀಗೆ ಅವನ ಎರಡು ಮೂರಾಯಿತು. ಸ್ವತಂತ್ರ ಕ್ಲೋರಿನ್ ಎಷ್ಟೆಂದು ತಿಳಿಯಬೇಕಾದರೆ ಒಂದು ನಿಮಿಷದೊಳಗೆ ಓದಿಬಿಡಬೇಕು. ಕೂಡಿಕೊಂಡದ್ದನ್ನು ಅಳೆಯಲು ಬೇರೆಯೇ ಮಾತ್ರೆಯಿದೆ, ಮೂರನೆಯ ನಂಬರಿನದು. ಅದನ್ನು ಹಾಕಿದ ನಳಿಕೆಯನ್ನು ಚೆನ್ನಾಗಿ ತೊಳೆಯದಿದ್ದರೆ ಮರುದಿನದ ಲೆಕ್ಕವೂ ಸುಮ್ಮಸುಮ್ಮನೆ ಏರುತ್ತದೆ.

ಯಜಮಾನರ ಅಂಕೆ ಎರಡು. ಅದು ಸರಿಯೇ ಇತ್ತೆಂದು ನನ್ನ ನಳಿಕೆಯೂ ಹೇಳಿತು. ಆದರೆ ಅದು ಅದೃಷ್ಟ. ಅದಕ್ಕೆ ಹಿಂದಿನ ಸಂಜೆ ಅವರು ನಳಿಕೆಯನ್ನು ಮನೆಯ ಹಿಂದಿನ ನೀಲಿ ತಗಡಿನ ಮಾಡಿನ ಕೆಳಗೆ ಹಿಡಿದು ನೋಡಿದ್ದರು. ನೀಲಿ ನೆರಳಿನಲ್ಲಿ ಗುಲಾಬಿ ಯಾವುದು, ನೇರಳೆ ಯಾವುದು? ಬಣ್ಣವನ್ನು ಓದಲು ಹಗಲಿನ ಬೆಳಕು ಬೇಕು, ಆದರೆ ನೇರ ಬಿಸಿಲು ಬೇಡ. ಹಿಂದೆ ಒಂದು ಬಿಳಿ ಕಾಗದ, ಬೆನ್ನ ಹಿಂದೆ ಸೂರ್ಯ. ಟ್ಯೂಬ್‌ಲೈಟಿನಡಿ ನೋಡಿದ ಬಣ್ಣವನ್ನೂ ಅಂಗಳದಲ್ಲಿ ನೋಡಿದ ಬಣ್ಣವನ್ನೂ ಹೋಲಿಸಬಾರದು. ಗಂಡಸರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯುವುದಿಲ್ಲ. ಎಷ್ಟೋ ಮಂದಿಗೆ ತಮಗೆ ಹಾಗಿದೆಯೆಂಬುದೇ ಗೊತ್ತಿರುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುವುದಂತೂ ನಮ್ಮೆಲ್ಲರಿಗೂ ತಪ್ಪಿದ್ದಲ್ಲ. ಆದ್ದರಿಂದ ದಿನಾಲೂ ಓದುವವರು ಒಬ್ಬರೇ ಆಗಿದ್ದರೆ ಒಳ್ಳೆಯದು, ಅವರ ಕಣ್ಣು ಎಳೆಯದಾಗಿದ್ದರೆ ಇನ್ನೂ ಒಳ್ಳೆಯದು. ಈ ಮಾತಿನಿಂದ ಯಜಮಾನರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು. ಓದುವ ಕೆಲಸ ಮೊಮ್ಮಗನಿಗೂ ಪುಸ್ತಕದಲ್ಲಿ ಬರೆಯುವ ಕೆಲಸ ತಮಗೂ ಎಂದು ಅವರೇ ಹಂಚಿಕೊಂಡರು.

ಮೂರನೆಯ ದಿನ ಇನ್ನೊಂದು ಕೆಲಸ ಮಾಡಿಸಿದೆ. ಒಂದೇ ಬಾಟಲಿಯಲ್ಲಿ ನೀರು ತೆಗೆದು, ಅದನ್ನೇ ಮೂರು ನಳಿಕೆಗಳಿಗೆ ಹಂಚಿ, ಹುಡುಗನೊಬ್ಬನೇ ಮೂರು ಸಲ ಓದಿದ. ಪ್ರತಿ ನಳಿಕೆಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಗೆರೆಯವರೆಗೆ ತುಂಬಿ, ಬಾಟಲಿಯನ್ನು ನೆಟ್ಟಗೆ ತಲೆಕೆಳಗೆ ಹಿಡಿದು ಹನಿ ಬಿಟ್ಟ. ಓರೆಯಾಗಿ ಹಿಡಿದರೆ ಹನಿಯ ಗಾತ್ರವೇ ಬದಲಾಗುತ್ತದೆ. ಎರಡು, ಒಂದೂವರೆ, ಎರಡು ಎಂದು ಬಂತು. ಇಷ್ಟೆಲ್ಲ ಮಾಡಿದರೂ ಅರ್ಧದ ವ್ಯತ್ಯಾಸ ಉಳಿಯಿತು. ಅದು ನೀರಿನದಲ್ಲ, ಪೆಟ್ಟಿಗೆಯ ಬಣ್ಣದ ಮೆಟ್ಟಿಲುಗಳೇ ಅಷ್ಟು ದೂರ ದೂರ ಇವೆ. ಈ ಅರ್ಧ ಎಷ್ಟೆಂದು ಗೊತ್ತಾದುದೇ ಆ ದಿನದ ಲಾಭ. ಇನ್ನು ಮುಂದೆ ನಿನ್ನೆ ಎರಡಿದ್ದುದು ಇಂದು ಒಂದೂವರೆಯಾದರೆ ಯಾರೂ ಪೌಡರಿನ ಚೀಲಕ್ಕೆ ಕೈಹಾಕಬೇಕಾಗಿಲ್ಲ. ಅರ್ಧಕ್ಕೆ ಇಳಿದರೆ ಹಾಕಬೇಕು, ಅದೂ ಇನ್ನೊಮ್ಮೆ ಪರೀಕ್ಷಿಸಿದ ಮೇಲೆ.

ಪಿ.ಎಚ್. ಎಂಬ ಹುಳಿ-ಕ್ಷಾರದ ಅಳತೆಯನ್ನೂ ಇಲ್ಲಿ ಬಿಡುವಂತಿಲ್ಲ. ಅದು ಏಳೂವರೆಯಿದ್ದಾಗ ನೀರಿನ ಕ್ಲೋರಿನ್ನಿನಲ್ಲಿ ಅರ್ಧದಷ್ಟು ಮಾತ್ರ ಚುರುಕಾಗಿ ರೋಗಾಣುವನ್ನು ಕೊಲ್ಲುವ ರೂಪದಲ್ಲಿರುತ್ತದೆ. ಏಳಕ್ಕಿಳಿದರೆ ನಾಲ್ಕರಲ್ಲಿ ಮೂರು ಪಾಲು. ಎಂಟಕ್ಕೇರಿದರೆ ಕಾಲು ಪಾಲು. ಈಜುವ ನೀರಿಗೆ 7.2ರಿಂದ 7.8 ಎಂದು ಹೇಳುವುದು ಅದಕ್ಕಾಗಿಯೇ. ಅಲ್ಲಿಯ ಸವಳು ನೀರು ಕ್ಷಾರದ ಕಡೆಯದು, ಬ್ಲೀಚಿಂಗ್ ಪೌಡರಿನ ಸುಣ್ಣ ಅದನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಪಿ.ಎಚ್. ನೋಡುವ ಕೆಂಪು ಔಷಧವೂ ಹೆಚ್ಚಿನ ಕ್ಲೋರಿನ್ನಿನಲ್ಲಿ ಕೆಟ್ಟು ನೇರಳೆಗೆ ತಿರುಗಿ, ಇಲ್ಲದ ಕ್ಷಾರವನ್ನು ಇದೆಯೆಂದು ತೋರಿಸುತ್ತದೆ. ಹಾಗೆ ನಂಬಿ ಆಮ್ಲ ಸುರಿದವರಿದ್ದಾರೆ. ಬ್ಲೀಚಿಂಗ್ ಪೌಡರಿಗೂ ಆಮ್ಲಕ್ಕೂ ನೇರ ಭೇಟಿಯಾದರೆ ವಿಷಾನಿಲ ಏಳುತ್ತದೆಂಬುದನ್ನು ಮರೆಯಬಾರದು. ಮೊದಲು ಕ್ಲೋರಿನ್ ನೋಡಿ, ಅದು ಮಿತಿಯಲ್ಲಿದ್ದರೆ ಮಾತ್ರ ಪಿ.ಎಚ್. ಓದುವುದು ಲೇಸು.

ಇನ್ನೊಬ್ಬರ ತಪ್ಪನ್ನು ಹೇಳಿದ ಮೇಲೆ ನನ್ನದನ್ನೂ ಹೇಳಬೇಕಷ್ಟೆ. ಮಾಸ್ತರಿಕೆಯ ಕಾಲದಲ್ಲಿ ಶಾಲೆಯ ಬಾವಿಗೆ ಕ್ಲೋರಿನ್ ಹಾಕಿಸಿ, ನೀರನ್ನು ಒಂದು ಸ್ವಚ್ಛ ಬಾಟಲಿಯಲ್ಲಿ ತಂದು ಪರೀಕ್ಷಿಸಿದೆ. ಸೊನ್ನೆ. ಮತ್ತೆ ಹಾಕಿಸಿದೆ, ಮತ್ತೆ ಸೊನ್ನೆ. ವಾರವಿಡೀ ಮಕ್ಕಳು ಗಂಜಿಯಲ್ಲಿ ಪೌಡರಿನ ವಾಸನೆ ಎಂದು ದೂರುತ್ತಿದ್ದರು. ಆ ಬಾಟಲಿ ರೋಗಾಣು ಪರೀಕ್ಷೆಗೆಂದು ಕೊಡುವಂಥದ್ದು. ರೋಗಾಣುಗಳು ದಾರಿಯಲ್ಲಿ ಸಾಯದಿರಲೆಂದು ಅದರೊಳಗೆ ಕ್ಲೋರಿನ್ನನ್ನು ಅಳಿಸುವ ಸೋಡಿಯಂ ಥಯೋಸಲ್ಫೇಟನ್ನು ಮೊದಲೇ ಹಾಕಿಟ್ಟಿರುತ್ತಾರೆ. ಬಾಟಲಿಯೊಳಗಿನ ಬಿಳಿಯ ಪುಡಿಯನ್ನು ನಾನು ಧೂಳೆಂದು ತಿಳಿದಿದ್ದೆ.

ಊರಿಗೆ ಮರಳಿದ ಮೇಲೆ ನನ್ನ ಬಾವಿಯ ಕಟ್ಟೆಯಲ್ಲಿ ಇದೇ ಪೆಟ್ಟಿಗೆಯನ್ನು ತೆರೆದು ಕುಳಿತೆ. ನಮ್ಮಲ್ಲಿ ಈಜುಕೊಳವಿರುವ ಮನೆಗಳು ಕೆಲವೇ. ನಮ್ಮ ಮಕ್ಕಳು ಈಜುವುದು ತೋಟದ ಕೆರೆಯಲ್ಲಿ, ಪಳ್ಳದಲ್ಲಿ, ಮಳೆಗಾಲದ ತೋಡಿನಲ್ಲಿ. ಆದರೆ 2024ರಲ್ಲಿ ಮಲಪ್ಪುರಂ, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಮಕ್ಕಳು ಅಮೀಬಾ ಮಿದುಳುಜ್ವರದಿಂದ ತೀರಿಕೊಂಡ ಸುದ್ದಿ ಓದಿದ ಮೇಲೆ ಯಾವ ತಾಯಿ ನಿಶ್ಚಿಂತೆಯಿಂದ ಇದ್ದಾಳು? ಆ ಅಮೀಬಾ ಕುಡಿದ ನೀರಿನಿಂದ ಬರುವುದಲ್ಲ, ಬೆಚ್ಚಗಿನ ಸಿಹಿನೀರು ಮೂಗಿನ ಮೂಲಕ ಮೇಲೇರಿದಾಗ ಬರುವುದು. 2025ರಲ್ಲಿ ರಾಜ್ಯದಾದ್ಯಂತ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನ ನಡೆಯಿತು. ಪೌಡರನ್ನು ಹಾಕಿ ಹೋದವರಿದ್ದಾರೆ. ಮರುದಿನ ಎಷ್ಟು ಉಳಿದಿದೆಯೆಂದು ನೋಡುವ ಕೆಲಸ ಮನೆಯವರದೇ.

ಬಾವಿಯ ಲೆಕ್ಕ ಹೀಗೆ: ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದುದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನನ್ನ ಬಾವಿ ಎರಡೂವರೆ ಮೀಟರ್ ಅಗಲ, ಬೇಸಿಗೆ ಮಳೆ ಬಿದ್ದ ಮೇಲೆ ನಾಲ್ಕು ಮೀಟರ್ ನೀರು. ಸುಮಾರು 19,600 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಮ್ ಒಳ್ಳೆಯ ಪೌಡರ್ ಎಂಬ ಸಾಮಾನ್ಯ ಪ್ರಮಾಣದಂತೆ ಐವತ್ತು ಗ್ರಾಮ್ ಸಾಕು. ನೀರಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಕೊಡಪಾನದಲ್ಲಿ ಇಳಿಸಿ, ಮೇಲೆ ಕೆಳಗೆ ಅಲ್ಲಾಡಿಸಿ, ಒಂದು ಗಂಟೆ ಬಿಟ್ಟು ಪರೀಕ್ಷಿಸಬೇಕು. ಕುಡಿಯುವ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಮ್ ಉಳಿದಿರಬೇಕೆಂದು ಭಾರತೀಯ ಮಾನಕ. ನಮ್ಮ ಮುರಕಲ್ಲಿನ ನೀರು ಮೃದು, ಸ್ವಲ್ಪ ಹುಳಿ. ಆದ್ದರಿಂದ ಕುಂಭಾರಿಯಲ್ಲಿ ಎರಡು ಮಾಡುವ ಕೆಲಸವನ್ನು ಇಲ್ಲಿ ಒಂದೇ ಮಾಡೀತು. ಅಲ್ಲಿಯ ಪ್ರಮಾಣವನ್ನು ಇಲ್ಲಿಗೆ ಹಾಗೆಯೇ ತರಬಾರದು.

ಮೊದಲನೆಯ ದಿನ ಮೇಲಿನ ನೀರಿನಲ್ಲಿ ಒಂದು, ತಳದ ನೀರಿನಲ್ಲಿ ಏನೂ ಇಲ್ಲ. ನಾನು ಕೊಡಪಾನವನ್ನು ತಳದವರೆಗೆ ಇಳಿಸಿರಲಿಲ್ಲ. ಎರಡನೆಯ ದಿನ ಸರಿಯಾಗಿ ಕಲಕಿ, ಮೂರು ನಳಿಕೆಗಳಲ್ಲಿ ನೋಡಿದಾಗ ಮೂರರಲ್ಲೂ ಅರ್ಧ ಬಂತು. ಮನೆಯ ಪೆಟ್ಟಿಗೆ ಹೇಳುವುದು ಇಷ್ಟನ್ನೇ. ನೀರಿನಲ್ಲಿ ರೋಗಾಣು ಇದೆಯೇ ಇಲ್ಲವೇ ಎಂದು ತಿಳಿಯಲು ಪ್ರಯೋಗಾಲಯಕ್ಕೇ ಕೊಡಬೇಕು. ಹರಿತಕೇರಳ ಮಿಷನಿನ ಮೂಲಕ ಹಲವು ಹೈಯರ್ ಸೆಕೆಂಡರಿ ಶಾಲೆಗಳಲ್ಲಿಯೂ ನೀರಿನ ಪರೀಕ್ಷೆಗೆ ವ್ಯವಸ್ಥೆ ಮಾಡಿದ್ದಾರೆ; ನಿಮ್ಮ ಪಂಚಾಯತಿನಲ್ಲಿ ವಿಚಾರಿಸಿದರೆ ತಿಳಿದೀತು. ಬಾಟಲಿಯನ್ನು ಅವರೇ ಕೊಟ್ಟರೆ ಅದರೊಳಗಿನ ಬಿಳಿ ಪುಡಿಯನ್ನು ತೊಳೆಯಬೇಡಿ.

ಮೊನ್ನೆ ಕುಂಭಾರಿಯಿಂದ ಫೋನ್ ಬಂದಿತ್ತು. ತೊಟ್ಟಿಯ ನೀರನ್ನು ಸೂರ್ಯ ಮುಳುಗಿದ ಮೇಲೊಮ್ಮೆ, ಹುಟ್ಟುವ ಮೊದಲೊಮ್ಮೆ ಪರೀಕ್ಷಿಸಿ ಬರೆಯುತ್ತಿದ್ದಾರಂತೆ. ರಾತ್ರಿ ಬಿಸಿಲಿಲ್ಲದಿರುವಾಗಲೂ ಒಂದಕ್ಕಿಂತ ಹೆಚ್ಚು ಇಳಿದರೆ ನೀರಿನೊಳಗೆ ಪಾಚಿಯೋ ಕೊಳೆಯೋ ಕ್ಲೋರಿನ್ನನ್ನು ತಿನ್ನುತ್ತಿದೆಯೆಂದು ಅರ್ಥ. ಮೂರು ರಾತ್ರಿ ಹಾಗೆ ಇಳಿಯಿತೆಂದು ತೊಟ್ಟಿಯನ್ನು ಬರಿದು ಮಾಡಿ ಗೋಡೆ ಉಜ್ಜಿಸಿದರಂತೆ. ನೀರನ್ನು ಹೊಲಕ್ಕೆ ಬಿಡುವ ಮೊದಲು ನಳಿಕೆಯಲ್ಲಿ ನೋಡಿದಿರಾ ಎಂದು ಕೇಳಿದೆ. “ನೋಡೇವ್ರಿ, ಸೊನ್ನಿ ಆಗೂ ತನಕಾ ಬಿಸಲಾಗ ಬಿಟ್ಟೇವು,” ಎಂದರು ಯಜಮಾನರು. “ಬ್ಯಾಟರಿ ನೀರ ಬೆರಸೀನೂ ನೋಡೇವು. ಖರೇ ಸೊನ್ನಿ.”